ದರಜಾ

ಖೀವಾದ ಕೋಟೆಗೋಡೆಯ ಹೊರಗೆ, ಹನ್ನೊಂದನೇ ನಂಬರಿನ ಶಾಲೆ.
ಜನವರಿ. ಹೀಟರು ಕೆಮ್ಮುತ್ತಿತ್ತು, ಬೆಚ್ಚಗಾಗಲೊಲ್ಲದು.
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ
ದೊಡ್ಡವರು ಕೂತಿದ್ದರು, ಕೋಟು ಕಳಚದೆ.
ಗುಲ್‌ಪೋಷಾ ಟೀಚರ್ ಬೋರ್ಡಿಗೆ ಬೆನ್ನು ಕೊಟ್ಟು ಕೇಳಿದಳು:
"ಇದರ ದರಜಾ ಎಷ್ಟು?"

ಅವರ ಭಾಷೆಯಲ್ಲಿ ದರಜಾ ಎಂದರೆ ಘಾತ.
ಹಿಂದಿನ ಬೆಂಚಿನ ನನಗೆ ದರ್ಜೆ ಎಂದೇ ಕೇಳಿಸಿತು,
ರೈಲಿನದು, ಗುಮಾಸ್ತನದು, ಮೂರನೆಯದು.

ಮೊದಲು ಸುಲಭದವು. ನಾಲ್ಕು ಎಕ್ಸ್: ಒಂಟಿ, ಏಕಪದೋಕ್ತಿ.
ಎಕ್ಸ್ ವರ್ಗ, ಕಳೆ ಒಂಬತ್ತು: ಪದ ಎರಡು, ದರಜಾನೂ ಎರಡು.
ಎಣಿಸುವುದು ಒಂದು ಲೆಕ್ಕ, ಎತ್ತರ ಅಳೆಯುವುದು ಬೇರೆ ಲೆಕ್ಕ;
ಮನೆಯಲ್ಲಿ ಎಷ್ಟು ಜನ, ಅವರಲ್ಲಿ ಉದ್ದದವರು ಯಾರು, ಹಾಗೆ.
ಭಾಗಾಕಾರದ ಗೆರೆಯ ಕೆಳಗೆ ಎಕ್ಸ್ ಅವಿತಿದ್ದ ಒಂದನ್ನು
ಡಸ್ಟರಿನಿಂದ ತಟ್ಟಿ ಹೊರಗೆ ಹಾಕಿದಳು.
"ಪಾಪ, ಏನು ಮಾಡಿತ್ತು?" ಎಂದರು ಯಾರೋ.
"ಏನೂ ಇಲ್ಲ. ಈ ಮನೆಯದಲ್ಲ, ಅಷ್ಟೆ."

ಆಮೇಲೆ ಬೋರ್ಡಿನ ಉದ್ದಕ್ಕೂ ಒಂದು:
ಎಕ್ಸ್ ಘನ, ಕೂಡು ಐದು ಎಕ್ಸ್, ಕಳೆ ಎಕ್ಸ್ ಘನ, ಕೂಡು ಎರಡು.
ಮತ್ನಜರ್ ಎದ್ದು ನಿಂತ. ಮರದ ಕಂಬ ಕೆತ್ತುವವನು,
ಉಗುರಿನ ಸಂದಿಯಲ್ಲಿ ಇನ್ನೂ ಹುಡಿ.
"ನಾಲ್ಕು ಪದ. ದರಜಾ ಮೂರು. ಘನ,"
ಎಂದ, ಘನವಾಗಿಯೇ.

ಟೀಚರ್ ಮಾತಾಡಲಿಲ್ಲ. ಸೀಮೆಸುಣ್ಣ ಚಾಚಿದಳು ಆಯ್‌ಜಮಾಲ್ ಕಡೆಗೆ.
ತಂದೂರಿನವಳು; ಅರವತ್ತೊಂದು; ಮುಂಗೈ ತುಂಬ ಹಳೆಯ ಸುಟ್ಟ ಕಲೆ.
ಅವಳು ಯಾವ ಹೆಸರನ್ನೂ ಹೇಳಲಿಲ್ಲ. ಎರಡು ಘನಗಳ ಕೆಳಗೆ
ಒಂದೊಂದು ಗೆರೆ ಎಳೆದಳು, ಸಜಾತಿ ಎಂದು,
ಎರಡನ್ನೂ ಅಂಗೈಯಲ್ಲೇ ಒರೆಸಿ ತೆಗೆದಳು.
ಉಳಿದದ್ದು ಐದು ಎಕ್ಸ್, ಮತ್ತೆ ಎರಡು.
"ದರಜಾ ಒಂದು. ಎರಡೇ ಪದ.
ಮತ್ನಜರ್, ಉಬ್ಬಿದ ಹಿಟ್ಟು ನೋಡಿ ರೊಟ್ಟಿ ಎಣಿಸಬೇಡ."

ನಗು. ಅವನೂ ನಕ್ಕ, ತುಸು ತಡವಾಗಿ.

ಆ ಕೊನೆಯ ಎರಡಕ್ಕೆ ಅವರಲ್ಲಿ ಆಜಾದ್ ಪದ ಎಂಬ ಹೆಸರು:
ಯಾವ ಎಕ್ಸಿನ ತೋಳಿಗೂ ಜೋತು ಬೀಳದೆ ನಿಂತದ್ದು.
ಎಕ್ಸ್ ಏನಾದರೂ ಆಗಲಿ, ಅದು ಎರಡೇ.
ಆಯ್‌ಜಮಾಲ್ ಇದನ್ನು ಎರಡು ಸಲ ಬರೆದುಕೊಂಡಳು.

ಗಂಟೆಗೆ ಮುಂಚೆ ಬೋರ್ಡಿನ ಮೇಲೆ ಒಂದು ಸೊನ್ನೆ.
"ಇದರದು?"
"ಸೊನ್ನೆ," ಎಂದಿತು ಒಂದು ಬೆಂಚು. ಅಲ್ಲ;
ಏಳಕ್ಕೆ, ಎರಡಕ್ಕೆ ದರಜಾ ಸೊನ್ನೆ.
ಬರೀ ಸೊನ್ನೆಗೆ ದರಜಾ ಇಲ್ಲ. ಕೊಡಲು ಬಾರದು.

"ಆದರೂ ಅದು ಬಹುಪದೋಕ್ತಿಯೇ?" ಮತ್ನಜರ್ ಕೇಳಿದ.
"ಹೌದು."
"ಈ ಮನೆಯದೇ?"
"ಈ ಮನೆಯದೇ."
ಕೋಟಿನ ಗುಂಡಿ ಹಾಕುತ್ತಿದ್ದವನು ನಿಲ್ಲಿಸಿ,
ಕೂತು, ಅದನ್ನೂ ಬರೆದುಕೊಂಡ.