ಕೊಡೆ ಮುದ್ರೆಯ ಹಂಚು

ವಾರಕ್ಕೆ ಮೂರು ಸಂಜೆ, ಜೆಪ್ಪುವಿನ ಒಂದು ಶೆಡ್ಡಿನಲ್ಲಿ
ಕುದುರೆಯ ಮೇಲೆ ಕೂತ ಹಾಗೆ ನಿಲ್ಲುತ್ತೇನೆ,
ಕುದುರೆ ಇಲ್ಲದೆ.
ತೊಡೆ ನಡುಗುತ್ತದೆ. ಹುಬ್ಬಿನ ಬೆವರು ಕಣ್ಣಿಗಿಳಿಯುತ್ತದೆ,
ಒರೆಸುವಂತಿಲ್ಲ.
ಇಚಿ, ನಿ, ಸಾನ್, ಶಿ...
ಹಿಲರಿ ಮಾಸ್ಟ್ರ ಜಪಾನಿಗೆ ಕೊಂಕಣಿಯ ರಾಗ ಉಂಟು.
ಹಗಲಿಡೀ ಅವರು ಕರೆಂಟು ಕಂಬ ಹತ್ತುವವರು.

ಪಕ್ಕದಲ್ಲಿ ಮುಸ್ತಫಾ, ಒಂಬತ್ತು ವರ್ಷ, ಹಸಿರು ಬೆಲ್ಟು.
ನನಗೆ ಮೂವತ್ತೇಳು, ಬಿಳಿ.
"ಆಂಟಿ, ನೆಲ ನೋಡ್ಬೇಡಿ" ಅನ್ನುತ್ತಾನೆ
ತುಟಿ ಅಲ್ಲಾಡಿಸದೆ.

ಬಂದ ಕಾರಣ ಹೇಳಿದರೆ ನಗಬಾರದು.
ಔಷಧಿ ಅಂಗಡಿಯ ಕೌಂಟರಿನಲ್ಲಿ ಹದಿಮೂರು ವರ್ಷ ನನಗೆ.
ಬಂದರಿನ ಕಡೆಯ ಮುದುಕಿಯೊಬ್ಬಳಿಗೆ ಒಂದು ದಿನ
ಬಿಪಿ ಗುಳಿಗೆಯ ಬದಲು ಸಕ್ಕರೆಯದ್ದು ಕೊಟ್ಟೆ.
ಒಂದೇ ಬಣ್ಣದ ಸ್ಟ್ರಿಪ್ಪು. ಕಣ್ಣು ಅದರ ಮೇಲೆಯೇ ಇತ್ತು,
ನಾನು ಇರಲಿಲ್ಲ.
ಸೊಸೈಟಿಯ ಕಂತಿನಲ್ಲಿದ್ದೆ, ಮುಗಿಯಲಿಕ್ಕಾದ ಗ್ಯಾಸಿನಲ್ಲಿದ್ದೆ,
ಎಂಟು ವರ್ಷ ಹಿಂದೆ ನಾದಿನಿ ಆಡಿದ ಒಂದು ಮಾತಿಗೆ
ಆಗ ಉತ್ತರ ಕೊಡುತ್ತಿದ್ದೆ.
ಶೆಣೈಯವರು ಬಿಲ್ಲು ನೋಡಿ ಕೂಗಿದರು. ಓಡಿದೆ.
ಬಸ್ಸಿನ ಮೆಟ್ಟಿಲಲ್ಲಿ ಸಿಕ್ಕಿದಳು.
ಅವಳೇ ನನಗೆ ಥ್ಯಾಂಕ್ಸ್ ಹೇಳಿದಳು.

ಮಾಸ್ಟ್ರು ಏಕಾಗ್ರತೆ ಎಂಬ ಶಬ್ದ ಎತ್ತಿದವರಲ್ಲ.
"ಮನಸ್ಸು ಓಡ್ತದಾ? ಓಡ್ಲಿ.
ಕಾಲು ಓಡ್ಬಾರ್ದು" ಅಷ್ಟೇ.

ಪರೀಕ್ಷೆಗೆ ಎಲ್ಲರೂ ಒಂದೊಂದು ಹಳೆ ಹಂಚು ತರಬೇಕು.
ಮನೆಯಲ್ಲಿ ಕೇಳಿದೆ.
"ಎಂತಕ್ಕೆ?"
"ಒಡೆಯಲಿಕ್ಕೆ."
ಬಂಗುಡೆ ಕೊಯ್ಯುತ್ತಿದ್ದ ಅಮ್ಮನ ಕೈ ನಿಂತಿತು.
ಇಪ್ಪತ್ತೆರಡು ವರ್ಷ ಹಸಿ ಹಂಚು ಹೊತ್ತ ತಲೆ ಅದು,
ನಡುನೆತ್ತಿಯಲ್ಲಿ ಕೂದಲಿಲ್ಲ.
"ಒಡೆಯಲಿಕ್ಕಾ ನಾವು ಮಾಡಿದ್ದು?"

ಆದರೂ ಎದ್ದಳು. ಬಚ್ಚಲಿನ ಹಿಂದೆ ಪೇರಿಸಿಟ್ಟ ಹಂಚಿನ ಮುಂದೆ
ತುದಿಗಾಲಲ್ಲಿ ಕುಕ್ಕರಿಸಿದಳು.
ಒಂದೊಂದನ್ನೇ ಎತ್ತಿ, ಕೇಳುವ ಬಲಗಿವಿಗೆ ಹಿಡಿದು
ಬೆರಳ ಗಂಟಿನಿಂದ ತಟ್ಟಿದಳು.
ಟಿಣ್.
ಪಕ್ಕದ ಮನೆಯ ಟೀವಿ, ಸೇತುವೆಯ ಮೇಲಿನ ರೈಲು,
ಸುತ್ತುತ್ತಿದ್ದ ಬೆಕ್ಕು, ಕೈಯ ಮೀನಿನ ನೆತ್ತರು,
ಯಾವುದೂ ಅವಳಿಗಿಲ್ಲ.
ಟಿಣ್.
ಎಪ್ಪತ್ತೊಂದರ ಆ ತೊಡೆ ನಡುಗುತ್ತದೋ ನೋಡಿದೆ.
ಇಲ್ಲ.
ಟಿಣ್. ಟಿಣ್.
ಟಪ್.

"ಇದು ಹಾಳು. ಒಳಗೆ ಸೀಳುಂಟು.
ಇದನ್ನು ಒಡಿ, ಪಾಪ ಬರುದಿಲ್ಲ."

ಶೆಡ್ಡಿನಲ್ಲಿ ಎರಡು ಕಲ್ಲಿನ ನಡುವೆ ಅದನ್ನಿಟ್ಟರು.
ಮುಷ್ಟಿ ಎತ್ತಿದೆ. ಇಳಿಸಿದೆ.
"ಮಾಸ್ಟ್ರೇ, ಇದು ಮೊದಲೇ ಒಡೆದದ್ದು."
ಯಾರೋ ನಕ್ಕರು. ಮಾಸ್ಟ್ರು ನಗಲಿಲ್ಲ.
ಮುಸ್ತಫಾ ತನ್ನ ಎರಡನೆಯದನ್ನು ಕೊಟ್ಟ.
ಕಿವಿಗೆ ಹಿಡಿದು ತಟ್ಟಿ ನೋಡಿದೆ, ಟಿಣ್ಣೆಂದಿತು,
ಆ ಸದ್ದು ಪೂರ್ತಿ ಆರುವವರೆಗೆ ಕೇಳಿದೆ.
ಕಂತು ಇರಲಿಲ್ಲ, ನಾದಿನಿ ಇರಲಿಲ್ಲ.
ಹೊಡೆದೆ.

ಹಂಚು ಹಾಗೆಯೇ ಇತ್ತು.
ಗೆಣ್ಣು ಊದಿತು.
ಬೆಲ್ಟು ಈಗಲೂ ಬಿಳಿ.

ಕೌಂಟರಿನಲ್ಲಿ ಮರುದಿನ ಐಸು ಸುತ್ತಿದ ಕೈಯಲ್ಲಿ
ಸ್ಟ್ರಿಪ್ಪಿನ ಹೆಸರು ಓದಿದೆ, ಅಕ್ಷರ ಅಕ್ಷರ, ಕೊನೆಯವರೆಗೆ.
"ಬೇಗ ಕೊಡಿ ಮಾರಾಯ್ರೆ" ಅಂತ ಹಿಂದಿನಿಂದ ಯಾರೋ.
ಕೊಡ್ತೇನೆ.

ಮುಸ್ತಫಾನ ಹಂಚನ್ನು ಕೇಳಿ ಮನೆಗೆ ತಂದಿದ್ದೆ.
"ಒಡೆಯಿತಾ?" ಅಂದಳು ಅಮ್ಮ.
"ಇಲ್ಲ."
ಮಗುಚಿ ಹಾಕಿ, ಓದಲು ಬಾರದ ಹೆಬ್ಬೆರಳಿನಿಂದ
ಬೆನ್ನಿನ ಉಬ್ಬು ಅಕ್ಷರಗಳನ್ನು ಸವರಿದಳು,
ಕೊಡೆಯ ಚಿತ್ರ ಸಿಕ್ಕಿತು.
"ಹ್ಞಾ! ನಮ್ಮ ಫ್ಯಾಕ್ಟ್ರಿದು" ಎಂದು
ನನ್ನ ಊದಿದ ಕೈಯ ಕಡೆ ನೋಡದೆಯೇ
ಅದನ್ನು ಒಳಗೆ ಕೊಂಡುಹೋದಳು.