ಸರದಿಯ ಕೆಳಗೆ ಸರದಿ

ಜನವರಿ. ಯಿಹ್ಲವಾದ ಆಚೆಗಿನ ಗುಡ್ಡಸಾಲು.
ಸಹಕಾರಿ ಸಂಘ ಮುಳುಗಿದ ಮೇಲೆ ಖಾಲಿ ನಿಂತ
ಧಾನ್ಯಗೋಪುರದ ನೆತ್ತಿಯಲ್ಲಿ ನಮ್ಮೂರ ಆಂಟೆನಾ.
ಮೂವತ್ತೆಂಟು ಮನೆ, ಒಂದು ಗಿರಣಿ, ಬೆಂಕಿಬಂಡಿಯ ಶೆಡ್ಡು,
ಎಲ್ಲಕ್ಕೂ ಸೇರಿ ಒಂದೇ ಗಾಳಿ.
ಗಾಳಿಯಲ್ಲಿ ಒಂದು ಹೊತ್ತಿಗೆ ಒಬ್ಬರಿಗೇ ಬಾಯಿ;
ಮಿಕ್ಕವರು ಕಾಯಬೇಕು.

ಗುರುವಾರ ಸಂಜೆ ಆರಕ್ಕೆ
ಅಪೊಲೆನಾ ಟ್ರಂಪೆಟ್ ಎತ್ತುತ್ತಾಳೆ.
ಓಸ್ಟ್ರವಾದಲ್ಲಿ ಕೂತ ಮೇಷ್ಟ್ರು ಪರದೆಯೊಳಗಿಂದ
"ತಪ್ಪು" ಅನ್ನುವಷ್ಟರಲ್ಲಿ
ಹುಡುಗಿ ಮೂರು ಸ್ವರ ಮುಂದೆ ಹೋಗಿರುತ್ತಾಳೆ;
ಸರಿಯಾದದ್ದನ್ನೇ ತಪ್ಪೆಂದುಕೊಂಡು ತಿದ್ದುತ್ತಾಳೆ.
ಆಗಲೇ ಪಕ್ಕದ ಮನೆಯ ವ್ರಾತಿಸ್ಲಾವ್
ತಂಗಿಯ ಮದುವೆಯ ಒಂಬೈನೂರು ಫೋಟೊ
ಒಟ್ಟಿಗೇ ಮೇಲಕ್ಕೆ ನೂಕುತ್ತಿರುತ್ತಾನೆ.

ಮಂಜಿನ ಕಾಟ, ಅಂದಿತು ಊರು.
ಆಂಟೆನಾ ಹಳತು, ಚಂದಾ ಎತ್ತಿ ದೊಡ್ಡದು ತರೋಣ.
ನಾನು ಅಳೆದೆ. ಯಾರೂ ಮಾತಾಡದಾಗ ನಾಲ್ಕು ಮಿಲಿಸೆಕೆಂಡು,
ಫೋಟೊ ಹೊರಟಾಗ ಎರಡು ಸಾವಿರದ ಮುನ್ನೂರು.
ಹಾದಿ ಅದೇ, ಉದ್ದ ಅದೇ. ಹಾಗಾದರೆ
ಆ ಎರಡು ಸೆಕೆಂಡು ಎಲ್ಲಿ ಕೂತು ಬಂತು?

ಡ್ರೈವರಿನೊಳಗೆ. ಏಳು ರಾತ್ರಿ ಬಗೆದೆ.
ಸಾವಿರ ಪ್ಯಾಕೆಟ್ಟು ಹಿಡಿಯುವ ಸರದಿ ಸಿಕ್ಕಿತು.
ಕತ್ತರಿಸಿದೆ, ಏನೂ ಕದಲಲಿಲ್ಲ:
ಸರದಿಯ ಕೆಳಗೆ ಇನ್ನೊಂದು ಸರದಿ,
ಅದರ ಕೆಳಗೆ, ಬೀಗ ಹಾಕಿದ ಕತ್ತಲಲ್ಲಿ,
ಚಿಪ್ಪಿನ ಹೊಟ್ಟೆಯಲ್ಲಿ ಮತ್ತೊಂದು.
ಬರೆದವನು ಕೆಟ್ಟವನಲ್ಲ. ಒಂದು ಕಾಳೂ ಚೆಲ್ಲಬಾರದೆಂದು
ಕಣಜದ ಮೇಲೆ ಕಣಜ ಕಟ್ಟಿದ, ಅಷ್ಟೆ.

ತಾಳಿದವನು ಬಾಳಿಯಾನು. ಇರಬಹುದು, ಮನುಷ್ಯರಲ್ಲಿ.
ತಾಳಿದ ಪ್ಯಾಕೆಟ್ಟು ಬಾಳುವುದಿಲ್ಲ;
ಉಂಡು ಎದ್ದ ಮೇಲೆ ಎಲೆಗೆ ಬಂದ ಉಪ್ಪು ಅದು.

ಹಾಗಾಗಿ ಬರೆದೆ:
ಒಳಗೆ ಬರುವಾಗಲೇ ಒಂದೊಂದರ ಬೆನ್ನಿಗೂ ಹೊತ್ತು ಗುರುತಿಸು.
ಚಿಪ್ಪಿನ ಹೊಟ್ಟೆಗೆ ಒಂದು ತುತ್ತಿಗಿಂತ ಹೆಚ್ಚು ಹಾಕಬೇಡ.
ಇಪ್ಪತ್ತು ಮಿಲಿಸೆಕೆಂಡು ಮೀರಿ ಕಾಯುತ್ತಲೇ ಇದ್ದರೆ
ಸಾಲಿನ ತಲೆಯಿಂದಲೇ ಒಂದನ್ನು ಕೈಬಿಡು.
ಕಳಿಸಿದವನಿಗೆ ಗೊತ್ತಾಗಲಿ, ನಿಧಾನಿಸಲಿ.

ಕೈಬಿಡು ಎಂದು ಬರೆಯುವಾಗ
ಬೆರಳು ಒಮ್ಮೆ ನಿಂತದ್ದು ನಿಜ.

ಇನ್ನು ಬೊಹುಮೀರ್. ಕಣಿವೆಯ ಕೊನೆಯ ಗಿರಣಿ.
ಎರಡು ಗುಡ್ಡದ ಸೆರಗು ಸವರಿಕೊಂಡು
ಸಿಗ್ನಲ್ಲು ಅವನನ್ನು ಮುಟ್ಟುವಷ್ಟರಲ್ಲಿ ಬರೀ ತೊದಲು.
ಅವನದೊಂದು ಪ್ಯಾಕೆಟ್ಟು ದಾಟುವ ಹೊತ್ತಿನಲ್ಲಿ
ಮಿಕ್ಕವರದು ಮೂವತ್ತು ದಾಟುತ್ತವೆ.
ಮನೆಗೊಂದರಂತೆ ಕೊಟ್ಟರೆ ನ್ಯಾಯ ಅಂದುಕೊಂಡಿದ್ದೆವು;
ಇಡೀ ಊರು ಅವನ ತೊದಲಿಗೆ ಕಟ್ಟುಬಿದ್ದಿತ್ತು.
ಇನ್ನು ಮೇಲೆ ಎಣಿಸುವುದು ಮಾತನ್ನಲ್ಲ,
ಮಾತಾಡಿದ ಹೊತ್ತನ್ನು.

ನಡೆದು ಹೋಗಿ ಮುಖಕ್ಕೆ ಮುಖ ಕೊಟ್ಟು ಹೇಳಿದೆ.
ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕೇಳಿದ:
"ಜ್ದಿಸ್ಲಾವಾ, ನನ್ನ ಪಾಲು ಕಿತ್ತು ಅವರಿಗೆ ಹಂಚುತ್ತೀಯೋ?"
ಹೂಂ ಅಂದೆ. ಬೇರೆ ಹೇಳಲು ಲೆಕ್ಕ ಬಿಡಲಿಲ್ಲ.

ಭಾನುವಾರ ಅವನ ಫೋನು:
"ಸಿನಿಮಾ ಕುಂಟುತ್ತದೆ, ನಿನಗೆ ಶಾಪ ಹಾಕಿದ್ದೇನೆ.
ಆದರೆ ನಾನು ಕುದುರೆ ಎತ್ತಿಟ್ಟ ಮೇಲೂ
ಚೆಸ್ಸಿನ ಗಡಿಯಾರ ಓಡುತ್ತಿತ್ತಲ್ಲ,
ಅದು ನಿಂತಿದೆ."

ಮತ್ತೆ ಗುರುವಾರ. ಫೋಟೊಗಳಿನ್ನೂ ಹೋಗುತ್ತಲೇ ಇವೆ.
ಅಪೊಲೆನಾ ಮೂರನೆಯ ಸಾಲಿನಲ್ಲಿ ಎಡವಿದಳು.
"ತಪ್ಪು" ಅಂದರು ಮೇಷ್ಟ್ರು,
ತಪ್ಪು ತಪ್ಪಾದ ಹೊತ್ತಿಗೇ.
ಹುಡುಗಿಗೆ ಅಳು ಬಂತು. ಇಷ್ಟು ದಿನ
ಎರಡು ಸೆಕೆಂಡಿನ ಮರೆಯಿತ್ತು ಅವಳಿಗೆ.

ಶೆಡ್ಡಿನಲ್ಲಿ ನನ್ನ ಪರದೆಯ ಮೂಲೆಗೊಂದು ಎಣಿಕೆ:
ಕೈಬಿಟ್ಟವು, ನಲವತ್ತೊಂದು.
ಯಾರೂ ಕೇಳಿಕೊಂಡು ಬರಲಿಲ್ಲ ಅವನ್ನು.
ದೀಪ ಆರಿಸುವಾಗ ನೋಡಿದೆ,
ನಲವತ್ತೆರಡು.