ನೆಂಟರ ಹಾಸಿಗೆ

ನರಿನ್ ಪೇಟೆಯಲ್ಲಿ ಹೊದಿಕೆಯನ್ನು
ತೂಕಕ್ಕೆ ಮಾರುತ್ತಾರೆ, ಆಲೂಗಡ್ಡೆಯ ಹಾಗೆ.
"ಆರು ಕಿಲೋ ಅಕ್ಕಾ, ಹುಲಿ, ಜೊತೆಗೆರಡು ಮರಿ."
ತುರ್ದುಬೆಕ್‌ನ ಮಾತು ಬಾಯಿಂದ ಹೊರಟದ್ದೇ
ಹಬೆಯಾಗಿ ಮೀಸೆಯ ಮೇಲೆ ಹೆಪ್ಪುಗಟ್ಟಿತು.

ಬುರುಲ್ಕಾನ್ ಕೈಗವಸು ಕಳಚಿ
ಮಡಿಕೆಯೊಳಗೆ ಕೈ ತೂರಿಸಿದಳು.
ಇಪ್ಪತ್ತು ಎಣಿಸುವಷ್ಟರಲ್ಲಿ ಬೆರಳು ಬೆಚ್ಚಗಾಗಬೇಕು,
ಅದು ಅವಳ ತಾಯಿಯ ಲೆಕ್ಕ.
ಮೂವತ್ತಾಯಿತು. ನಲವತ್ತು.
ಹುಲಿ ನುಣ್ಣಗಿತ್ತು, ಅಷ್ಟೆ.
ಪಕ್ಕದಲ್ಲಿ ಹೆಬ್ಬಾತಿನ ಪುಕ್ಕ ತುಂಬಿದ್ದು:
ಕೈಗೆ ಹಗುರ, ಬೆಲೆ ಕೇಳಿದರೆ ಎದೆಗೆ ಭಾರ.
ಒಂಟೆಯ ಉಣ್ಣೆ ಎಂದದ್ದನ್ನು ಮೂಗಿಗೆ ಹಿಡಿದರೆ
ಒಂಟೆಯ ಸುಳಿವೇ ಇಲ್ಲ, ಬರೀ ಪ್ಲಾಸ್ಟಿಕ್ಕು.
ಕೊನೆಗೆ ಹುಲಿಯನ್ನೇ ಕೊಂಡಳು.
ಮಕ್ಕಳು ಕೇಳಿದ್ದೂ ಅದನ್ನೇ.

ಮನೆಯಲ್ಲಿ ಹೊದಿಕೆ ಇಲ್ಲವೆಂದಲ್ಲ.
ಗೋಡೆಗೊರಗಿದ ಸಂದೂಕದ ಮೇಲೆ
ತೊಲೆ ಮುಟ್ಟುವಷ್ಟು ಎತ್ತರ ಪೇರಿಸಿದ ಜುಕ್:
ಕೆಂಪು ಸ್ಯಾಟಿನ್ನು, ಹಸಿರು ಮಖಮಲ್ಲು,
ಇಪ್ಪತ್ತೆರಡು ರಜಾಯಿ, ಅಂಚಿಗೆ ಅಂಚು ಕೂಡಿಸಿ.
ಮದುವೆಯ ಹಿಂದಿನ ಬೇಸಿಗೆಯಲ್ಲಿ ತಾಯಿ
ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿ
ಕೋಲಿನಿಂದ ಬಡಿದು ಬಡಿದು ಹಿಂಜಿಸಿದ ಉಣ್ಣೆ,
ನಲವತ್ತು ಕುರಿಗಳ ಬೆನ್ನು.
ಅದು ನೆಂಟರಿಗೆ.
ಅವರು ಬಂದರೆ ಮೇಲಿನ ಒಂದೆರಡು ಕೆಳಗಿಳಿದು
ಮರುದಿನ ಬಿಸಿಲು ಕಂಡು ಮತ್ತೆ ಏರುತ್ತವೆ.
ತಳದ ಹತ್ತು ಯಾರ ಮೈಯನ್ನೂ ಕಂಡಿಲ್ಲ,
ಹದಿನಾಲ್ಕು ವರ್ಷ.
ಮನೆಯವರಿಗೆ ಸವೆದದ್ದು, ತೇಪೆ ಹಾಕಿದ್ದು,
ಈಗ ಹುಲಿ.

ಜನವರಿಯ ಆ ರಾತ್ರಿ ಕರೆಂಟು ಹೋಯಿತು.
ಸಗಿನ್‌ನ ಲಾರಿ ದೊಲೋನ್ ಘಾಟಿಯ ಆಚೆ,
ಒಲೆಗೆ ಬೇಕಾದ ಕಲ್ಲಿದ್ದಲೂ ಅದರಲ್ಲೇ.
ಹೀಟರಿನ ಕೆಂಪು ಕಡ್ಡಿ ಕಪ್ಪಾಯಿತು,
ಕಿಟಕಿ ಒಳಗಿನಿಂದ ಬೆಳ್ಳಗಾಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಸೊನ್ನೆಗೆ ಮೂವತ್ತೈದು ಕೆಳಗೆ ಮಲಗಿದವರಲ್ಲ.
ಇಲ್ಲಿ ಚಾಚುವ ಮಾತೇ ಇಲ್ಲ,
ಮೊಣಕಾಲನ್ನು ಗಲ್ಲಕ್ಕೆ ತಂದು
ತಾನೇ ಒಂದು ಗಂಟಾಗಬೇಕು.
"ಹುಲಿಗೂ ಚಳಿಯಾಗ್ತಿದೆ," ಅಂದ ನುರ್ಗಾಜಿ.

ಬುರುಲ್ಕಾನ್ ಕತ್ತಲಲ್ಲಿ ಎದ್ದಳು.
ಜುಕ್ ಮುಂದೆ ಒಂದು ಗಳಿಗೆ ನಿಂತಳು,
ದೇವರೆದುರು ಅಲ್ಲ, ಅತ್ತೆಯೆದುರು ನಿಂತ ಹಾಗೆ.
ಆಮೇಲೆ ತಳದ್ದಕ್ಕೇ ಕೈ ಹಾಕಿ ಎಳೆದಳು.
ವಾಲಿತು, ಹೊರಳಿತು, ಇಪ್ಪತ್ತೆರಡೂ
ಧೊಪ್ಪೆಂದು ಅವಳ ಮೇಲೇ ಬಂದವು.
ಹುಳು ಹಿಡಿಯದಿರಲೆಂದು ತಾಯಿ ಇಟ್ಟ ಮಾಚಿಪತ್ರೆ
ಪುಡಿಯಾಗಿ ಉದುರಿತು. ಅದರ ಕಹಿವಾಸನೆಯ ಹಿಂದೆ
ಮೆಲ್ಲಗೆ, ಕುರಿ.

ಕೆಳಗೆ ಮೂರು, ಮೇಲೆ ನಾಲ್ಕು.
ಐಜಿರೆಕ್ ಒಳಗಿನಿಂದ ಕೂಗಿದಳು:
"ಅಮ್ಮಾ, ನನ್ನ ಮೇಲೆ ಯಾರೋ ಕೂತಿದ್ದಾರೆ!"
"ನನ್ನಮ್ಮ," ಎಂದಳು ಬುರುಲ್ಕಾನ್. "ಸುಮ್ಮನೆ ಮಲಗು."
ತಾನೂ ನುಸುಳಿ ಎಣಿಸತೊಡಗಿದಳು.
ಹನ್ನೊಂದಕ್ಕೋ ಹನ್ನೆರಡಕ್ಕೋ ಲೆಕ್ಕ ತಪ್ಪಿತು.

ಬೆಳಿಗ್ಗೆ ಎದುರುಮನೆಯಿಂದ ಅತ್ತೆ ಶೆಕೆರ್ ಬಂದಳು.
ಅಂಗಳದ ನಲ್ಲಿಗೆ ಸುತ್ತಿದ್ದ ಹುಲಿಯನ್ನು ನೋಡಿದಳು,
ಮರಿಗಳ ಕಿವಿಯ ಮೇಲೆ ಹಿಮ.
ಬಾಗಿಲು ತಳ್ಳಿದರೆ ಸಂದೂಕ ಬೋಳು,
ನೆಲದ ತುಂಬ ಕೆಂಪು ಹಸಿರು ಗುಡ್ಡ.
"ಯಾರು ಬಂದಿದ್ದರೇ ನೆಂಟರು?"
ಗುಡ್ಡದ ಸಂದಿನಿಂದ ಒಂದು ಮೂಗು:
"ನಾವೇ, ಅಜ್ಜಿ."

ಮುದುಕಿ ಏನೂ ಅನ್ನಲಿಲ್ಲ.
ಜುಕ್ ಮರೆಮಾಡಿದ್ದ ಗೋಡೆಯನ್ನು ನೋಡುತ್ತಿದ್ದಳು:
ಸೊಸೆ ಬರುವ ವಾರ ತಾನೇ ಬಳಿದ ನೀಲಿ,
ಅಲ್ಲೊಂದು ಚೌಕದಷ್ಟು ಇನ್ನೂ ಹಸಿಯೇನೋ ಎಂಬಂತೆ.
ಆಮೇಲೆ ಬೂಟು ಕಳಚಿದಳು.
"ಸ್ವಲ್ಪ ಆಚೆ ಸರಿಯೋ," ಎಂದಳು.